ಉಗ್ರಾಣದ ಕೆಲಸಗಾರನಿಗೂ ಶಿಕ್ಷಣ ಬೇಕು

೨೦೨೩ರ ಮೇ ತಿಂಗಳಿನಲ್ಲಿ ಭಾರತ ಸರಕಾರದ ಮಂತ್ರಿಮಂಡಲವು ಸಹಕಾರ ಕ್ಷೇತ್ರದಲ್ಲಿ ೭೦೦ ಲಕ್ಷ ಟನ್ ಧಾನ್ಯ ಹಿಡಿಸುವಷ್ಟು ಉಗ್ರಾಣಗಳನ್ನು ನಿರ್ಮಿಸುವ ಯೋಜನೆಗೆ ಒಪ್ಪಿಗೆಯಿತ್ತಿತು. ಕಟ್ಟಡಗಳು ಬೇಕೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಅವುಗಳೊಳಗೆ ದುಡಿಯುವವನಿಗೆ ವಿದ್ಯೆ ಕಲಿಸುವ ಏರ್ಪಾಡು ಅಡಿಗಲ್ಲಿನೊಡನೆಯೇ ಆರಂಭವಾಗಬೇಕೆಂದು ನನ್ನ ಅಭಿಪ್ರಾಯ.

ಒಣಗಿದ ಕಾಳೂ ಉಸಿರಾಡುವ ವಸ್ತುವೇ. ತೇವಾಂಶವು ಶೇಕಡಾ ೧೪ನ್ನು ಮೀರಿದರೆ ಉಸಿರಾಟ ಹೆಚ್ಚಿ, ರಾಶಿ ಬೆಚ್ಚಗಾಗಿ, ಬೂಷ್ಟು ಹಿಡಿಯುತ್ತದೆ, ಹುಳುಗಳೂ ವೃದ್ಧಿಯಾಗುತ್ತವೆ. ಹುಳು ಬಿದ್ದ ಮೂಟೆಗಳಿಗೆ ಗಾಳಿಯಾಡದ ಹೊದಿಕೆ ಹೊದಿಸಿ, ಒಳಗೆ ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗೆಗಳನ್ನಿಡುವುದು ರೂಢಿಯಷ್ಟೆ. ಗಾಳಿಯ ತೇವ ತಾಗಿ ಅವು ಫಾಸ್ಫೀನ್ ಎಂಬ ವಿಷಾನಿಲವನ್ನು ಬಿಡುತ್ತವೆ. ಹೊದಿಕೆಯಲ್ಲೊಂದು ಹರಕಿದ್ದರೆ, ಅಂಚಿನ ಮರಳುಚೀಲಗಳ ನಡುವೆ ಸಂದು ಉಳಿದರೆ, ಅನಿಲವು ಸೋರಿಹೋಗುತ್ತದೆ. ಆಗ ಬೆಳೆದ ಹುಳು ಸತ್ತೀತು. ಮೊಟ್ಟೆಗಳೂ ಕೋಶಗಳೂ ಅಷ್ಟು ಸುಲಭವಾಗಿ ಸಾಯವು. ಮದ್ದನ್ನು ತಾಳಬಲ್ಲವೇ ಉಳಿದು ಸಂತತಿ ಬೆಳೆಸುತ್ತವೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯು ೧೯೭೨-೭೩ರಲ್ಲಿ ನಾನಾ ದೇಶಗಳಲ್ಲಿ ನಡೆಸಿದ ಸಮೀಕ್ಷೆಯಲ್ಲಿಯೇ ಇಂತಹ ಹುಳುಗಳು ಕಂಡುಬಂದಿದ್ದವು. ಸೋರಿದ ಅನಿಲ ಮನುಷ್ಯನನ್ನೂ ಕೊಲ್ಲಬಲ್ಲದು.

ಈ ಕಾರ್ಯವು ಪರಿಣತರ ಮೇಲ್ವಿಚಾರಣೆಯಲ್ಲಿಯೇ ನಡೆಯಬೇಕೆಂಬ ನಿಬಂಧನೆ ನಮ್ಮಲ್ಲಿದೆ. ಸರಿಯೆ, ಆದರೆ ಗುಳಿಗೆಯಿಡಿಸಿ ಅವರು ಹೊರಟಮೇಲೆ ದಿನಗಟ್ಟಲೆ ಹೊದಿಕೆಯ ಪಕ್ಕದಲ್ಲಿ ಓಡಾಡುವವನು ಯಾರು?

ಹಳೆಯ ಮೈಸೂರು ಸೀಮೆಯ ರೈತನು ರಾಗಿಯ ಹಗೇವಿನ ಬಾಯನ್ನು ಬಿಗಿಯಾಗಿ ಮುಚ್ಚುತ್ತಿದ್ದನು. ಒಳಗಿನ ಆಮ್ಲಜನಕವು ಕಾಳಿನ ಮತ್ತು ಹುಳುವಿನ ಉಸಿರಿಗೇ ವ್ಯಯವಾಗಿ ಹುಳು ಸಾಯುತ್ತಿತ್ತು. ತೆರೆದೊಡನೆ ಅವನು ಒಳಗಿಳಿಯುತ್ತಿರಲಿಲ್ಲ. ಉರಿಯುವ ದೀಪವನ್ನು ಇಳಿಬಿಟ್ಟು, ಅದು ಆರದಿದ್ದರೆ ಮಾತ್ರ ಇಳಿಯುತ್ತಿದ್ದನು. ತಂದೆಯಿಂದ ಮಗನು ಕಲಿತ ಪಾಠವಿದು. ಇದಕ್ಕೆ ಶಾಲೆ ಬೇಕಿರಲಿಲ್ಲ. ಫಾಸ್ಫೀನಿಗಾದರೋ ದೀಪದ ಪರೀಕ್ಷೆ ನಡೆಯದು. ಅಳೆಯುವ ಉಪಕರಣ ಬೇಕು, ಅದನ್ನು ಓದಬಲ್ಲವನು ಬೇಕು.

ಉತ್ತರ ಪ್ರದೇಶದ ಹಾಪುರದಲ್ಲಿ ೧೯೫೮ರಷ್ಟು ಹಿಂದೆಯೇ ಧಾನ್ಯಸಂಗ್ರಹಣದ ಸಂಶೋಧನೆಗೂ ತರಬೇತಿಗೂ ಒಂದು ಕೇಂದ್ರವನ್ನು ಸ್ಥಾಪಿಸಲಾಯಿತು. ಅಲ್ಲಿನ ವಿದ್ಯೆಯು ನಮ್ಮ ಹಳ್ಳಿಯ ಸಹಕಾರ ಸಂಘದ ಉಗ್ರಾಣಕ್ಕೆ ಕನ್ನಡದಲ್ಲಿ ಇಳಿದುಬರಬೇಕು. ಅಧಿಕಾರಿಗಳಿಗೆ ಉಪನ್ಯಾಸ ಕೊಡಿಸಿದರೆ ಸಾಲದು; ಮೂಟೆಗಳ ನಡುವೆಯೇ ನಿಲ್ಲಿಸಿ, ಹರಕು ಹುಡುಕುವುದನ್ನೂ ತೇವಮಾಪಕ ಓದುವುದನ್ನೂ ಹಮಾಲಿಗೆ ಕೈಹಿಡಿದು ಕಲಿಸಬೇಕು. ಕಲಿತವನನ್ನು ಮರುಹಂಗಾಮಿಗೆ ಬಿಡಿಸಿ, ಅಗ್ಗದ ದಿನಗೂಲಿಗೆ ಹೊಸಬನನ್ನು ತಂದರೆ ಕಲಿಸಿದ್ದೆಲ್ಲ ನೀರಿನಲ್ಲಿ ಹೋಮ. ಉಗ್ರಾಣದ ಅಂದಾಜುಪಟ್ಟಿಯಲ್ಲಿ ಸಿಮೆಂಟಿಗೂ ತಗಡಿಗೂ ಇರುವಂತೆ ಇವನ ಶಿಕ್ಷಣಕ್ಕೂ ಸಂಬಳಕ್ಕೂ ಒಂದು ಬಾಬನ್ನು ಮೊದಲೇ ಬರೆದಿಡಬೇಕು.