ಬಿದ್ದ 3 ವಾರದ ಮೇಲೆ



ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದಾಗ ತಲೆಯ ಹಿಂದೆ ನಿಂಬೆಕಾಯಿಯಷ್ಟು ಬುಗುಟು ಎದ್ದಿತ್ತು, ಅಷ್ಟೇ. ರಕ್ತ ಬರಲಿಲ್ಲವೆಂದು ಅರಿಸಿನ ಹಚ್ಚಿ ಮರೆತೆವು. 3 ವಾರದ ಮೇಲೆ ಹೂ ಕಟ್ಟುವಾಗ ಬಲಗೈಯಿಂದ ದಾರ ಜಾರತೊಡಗಿತು, ಮಾತು ತೊದಲಿತು. ವಯಸ್ಸಾಯಿತಲ್ಲ ಎಂದುಕೊಂಡೆವು, ಅದೇ ನಾವು ಮಾಡಿದ ತಪ್ಪು. ಸ್ಕ್ಯಾನ್ ಮಾಡಿಸಿದರೆ ಮೆದುಳಿನ ಮೇಲೆ ರಕ್ತ ಶೇಖರವಾಗಿತ್ತು. ವಯಸ್ಸಾದಂತೆ ಮೆದುಳು ಕುಗ್ಗುತ್ತದೆ, ಅದರ ಹೊರಗಿನ ಸಣ್ಣ ರಕ್ತನಾಳಗಳು ಎಳೆದುಕೊಂಡಿರುತ್ತವೆ. ಸಣ್ಣ ಪೆಟ್ಟಿಗೂ ಹರಿದು ವಾರಗಟ್ಟಲೆ ಜಿನುಗಬಹುದು. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರಿಗಂತೂ ಅಪಾಯ ಹೆಚ್ಚು. ಹಿರಿಯರ ತಲೆಗೆ ಪೆಟ್ಟು ಬಿದ್ದರೆ ದಯವಿಟ್ಟು ಅಂದೇ ಡಾಕ್ಟರಿಗೆ ತೋರಿಸಿ; ಮುಂದೆಯೂ ಕೆಲವು ವಾರ ಅವರ ನಡಿಗೆ, ಮಾತಿನ ಮೇಲೆ ಕಣ್ಣಿಡಿ. ಬುರುಡೆಗೆ ರಂಧ್ರ ಕೊರೆದು ರಕ್ತ ತೆಗೆದ ಮೇಲೆ ಅಮ್ಮ ಮತ್ತೆ ಹೂ ಕಟ್ಟುತ್ತಿದ್ದಾರೆ. ಬಚ್ಚಲ ಗೋಡೆಗೆ ಹಿಡಿಕೆ ಹಾಕಿಸಿದ್ದೇವೆ.

– ಓದುಗರೊಬ್ಬರು, ತೀರ್ಥಹಳ್ಳಿ