ಕಿಟಕಿಯ ಫೋಟೊ ಯಾರೂ ಕೇಳುವುದಿಲ್ಲ



2019ರ ಆಗಸ್ಟ್‌ ನೆರೆಯಲ್ಲಿ ಮನೆ ಪೂರ್ತಿ ಕಳೆದುಕೊಂಡವರಿಗೆ ಸರ್ಕಾರ 5 ಲಕ್ಷ ರೂಪಾಯಿ ಘೋಷಿಸಿತು. ಘಟಪ್ರಭೆಯ ದಂಡೆಯ ನಮ್ಮ ಊರುಗಳಲ್ಲಿ ಹೀಗೆ ಎಷ್ಟೋ ಮನೆಗಳು ಎದ್ದಿವೆ. ಸರ್ಕಾರಿ ಮನೆ ಎಂದರೆ ತಳಪಾಯದ ಫೋಟೊ, ಲಿಂಟಲ್ ಫೋಟೊ, ಛಾವಣಿ ಫೋಟೊ. ಒಂದೊಂದು ಮೊಬೈಲಿನಲ್ಲಿ ಏರಿದ ಮೇಲೇ ಕಂತಿನ ಹಣ. ಒಳಗೆ ಗಾಳಿ ಆಡುತ್ತದೆಯೇ ಎಂದು ಮಾತ್ರ ಯಾರೂ ಕೇಳುವುದಿಲ್ಲ. ನನ್ನ ತಕರಾರು ಇದೇ.

ಗಾಳಿಯ ಮಾತು ಏಕೆಂದರೆ, ಕಲ್ಲು-ಮಣ್ಣಿನಲ್ಲೆಲ್ಲ ಅಷ್ಟಿಷ್ಟು ಯುರೇನಿಯಂ ಇದ್ದೇ ಇರುತ್ತದೆ. ಅದು ಕ್ಷಯಿಸುತ್ತ ರೇಡಿಯಂ ಆಗಿ, ರೇಡಿಯಂನಿಂದ ರೇಡಾನ್ ಅನಿಲ ಹುಟ್ಟುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ. ಬಯಲಲ್ಲಿ ಚದುರಿಹೋಗುವ ಅದು ಮುಚ್ಚಿದ ಕೋಣೆಯಲ್ಲಿ ಕೂಡಿಕೊಳ್ಳುತ್ತದೆ. ಶ್ವಾಸಕೋಶದ ಕ್ಯಾನ್ಸರ್‌ಗೆ ತಂಬಾಕಿನ ನಂತರದ ದೊಡ್ಡ ಕಾರಣಗಳಲ್ಲಿ ಇದೂ ಒಂದು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಧೂಮಪಾನ ಮಾಡುವವರಿಗೆ ರೇಡಾನ್ ಅಪಾಯ ಉಳಿದವರಿಗಿಂತ ಸುಮಾರು 25 ಪಟ್ಟು. ಮನೆಯ ಗಾಳಿಯಲ್ಲಿ ರೇಡಾನ್ ಘನ ಮೀಟರಿಗೆ 100 ಬೆಕೆರೆಲ್ (ವಿಕಿರಣಶೀಲತೆಯ ಅಳತೆ) ಒಳಗಿರಲಿ, ಅದು ಸಾಧ್ಯವಾಗದಿದ್ದರೂ 300 ದಾಟಬಾರದು ಎಂಬುದು ಅದರ ಸಲಹೆ.

ನೆರೆಗೆ ಹೆದರಿ ಈಗ ಎಲ್ಲರೂ ಪ್ಲಿಂತ್ ಎತ್ತರಿಸುತ್ತಾರೆ. ತಪ್ಪಲ್ಲ. ಒಳಗೆ ಟ್ರ್ಯಾಕ್ಟರ್‌ಗಟ್ಟಲೆ ಗರಸು, ಮೇಲೆ ತೆಳು ಕಾಂಕ್ರೀಟು, ಅದರ ಮೇಲೆ ಟೈಲ್ಸ್. ಬಚ್ಚಲ ಪೈಪು ನೆಲ ಹೊಕ್ಕುವಲ್ಲಿ ಬೆರಳು ತೂರುವಷ್ಟು ಸಂದಿ, ಗೋಡೆ-ನೆಲ ಕೂಡುವಲ್ಲಿ ಉದ್ದಕ್ಕೂ ಬಿರುಕು. ನೆಲದಡಿಯ ಗಾಳಿ ಒಳಬರುವ ದಾರಿಗಳೇ ಇವು. ಇರುವ ಒಂದು ಕಿಟಕಿಯೂ ಸೊಳ್ಳೆ, ಕಬ್ಬಿನ ಗಾಡಿಗಳ ಧೂಳು ಎಂದು ಮುಚ್ಚಿಯೇ ಇರುತ್ತದೆ. ಹಳೆಯ ಮನೆಗಳೇ ವಾಸಿ ಎನ್ನಲಾರೆ. ಮಣ್ಣಿನ ನೆಲದಿಂದಲೂ ರೇಡಾನ್ ಏರುತ್ತದೆ. ಆದರೆ ಅವುಗಳ ಮಾಳಿಗೆಯಲ್ಲಿ ಬೆಳಕಿಂಡಿಯಾದರೂ ಇತ್ತು.

ಜನರನ್ನು ಬೆದರಿಸಲು ಬರೆಯುತ್ತಿಲ್ಲ. ಹುಕ್ಕೇರಿ ಕಡೆಯ ಕರಿಕಲ್ಲಿನಲ್ಲಿ ಯುರೇನಿಯಂ ಸಾಮಾನ್ಯವಾಗಿ ಗ್ರಾನೈಟ್‌ಗಿಂತ ಕಡಿಮೆ. ಗೋಕಾಕ ಫಾಲ್ಸಿನ ಮರಳುಗಲ್ಲೇ ಬೇರೆ. ನಮ್ಮದೇ ಜಿಲ್ಲೆಯ ದೇಶನೂರಿನ ಬಳಿ ಯುರೇನಿಯಂ ಶೋಧ ನಡೆದದ್ದೂ ಉಂಟು. ಆದ್ದರಿಂದ ಊಹೆ ಬೇಡ, ಅಳೆಯಬೇಕು. ಭಾಭಾ ಅಣು ಸಂಶೋಧನಾ ಕೇಂದ್ರ ರೂಪಿಸಿದ, ಒಳಗೆ ಫಿಲ್ಮ್ ತುಣುಕಿರುವ ಪುಟ್ಟ ಡಬ್ಬಿಯನ್ನು ಮೂರು ತಿಂಗಳು ಕೋಣೆಯಲ್ಲಿ ತೂಗುಬಿಟ್ಟರೆ ಸರಾಸರಿ ಸಿಗುತ್ತದೆ. ಮೈಸೂರು ವಿಶ್ವವಿದ್ಯಾಲಯದವರು ತಮ್ಮ ಸುತ್ತಲಿನ ಮನೆಗಳಲ್ಲಿ ರೇಡಾನ್ ಅಳೆದಿದ್ದಾರೆ. ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ನಮ್ಮ ಪದವಿ ಕಾಲೇಜುಗಳ ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಗೋಕಾಕ, ಮೂಡಲಗಿ, ಹುಕ್ಕೇರಿಗಳಲ್ಲಿ ಈ ಕೆಲಸ ಏಕೆ ಮಾಡಬಾರದು?

ಪರಿಹಾರಕ್ಕೆ ದುಬಾರಿ ಏರ್ ಪ್ಯೂರಿಫೈಯರ್ ಕೊಳ್ಳಬೇಕಿಲ್ಲ. ನೆಲದಿಂದ ಬರುವ ಅನಿಲವನ್ನು ಅದು ತಡೆಯುವುದೂ ಇಲ್ಲ. ಎದುರುಬದುರು ಕಿಟಕಿ, ಛಾವಣಿಯ ಹತ್ತಿರ ವೆಂಟಿಲೇಟರ್, ಸಂದಿಗಳಿಗೆ ಭದ್ರವಾದ ಸೀಲೆಂಟ್. ಗರಸಿನ ಮೇಲೆ ಒಂದು ಪದರ ಖಡಿ ಹರಡಿ, ಅದರಿಂದ ಛಾವಣಿಯ ಮೇಲಕ್ಕೆ ನಾಲ್ಕಿಂಚಿನ ಪಿವಿಸಿ ಪೈಪು ಒಯ್ದರೆ ನೆಲದಡಿಯ ಅನಿಲ ಹೊರಗೇ ಹೋಗುತ್ತದೆ. ಅಳತೆ ಹೆಚ್ಚು ಬಂದರೆ ಅದೇ ಪೈಪಿಗೆ ಸಣ್ಣ ಫ್ಯಾನು ಕೂಡಿಸಬಹುದು.

ಜಿಲ್ಲಾಡಳಿತ ಈ ಪೈಪು-ಕಿಟಕಿಗಳನ್ನು ಸರ್ಕಾರಿ ಮನೆಗಳ ಅಂದಾಜು ಪಟ್ಟಿಗೆ ಸೇರಿಸಲಿ, ಕಂತು ಬಿಡುವ ಮುನ್ನ ಅವುಗಳ ಫೋಟೊವನ್ನೂ ಕೇಳಲಿ. ತಳಪಾಯದ ಹಂತದಲ್ಲಿರುವ ಮನೆಗಳಿಂದಲೇ ಇದು ಶುರುವಾಗಬೇಕು. ಟೈಲ್ಸ್ ಕೂತ ಮೇಲೆ ಪೈಪು ಇಳಿಸಲು ಬಡವರು ನೆಲ ಒಡೆಯಬೇಕಾಗುತ್ತದೆ.

— ಓದುಗ, ಗೋಕಾಕ