ಒಂದು ಗಂಟೆಯ ಶೂ, ಹದಿನೈದು ಗಂಟೆಯ ನೆಲ

ಬೆಳಿಗ್ಗೆ ಮಂಚದಿಂದ ಇಳಿದು ಮೊದಲ ಹೆಜ್ಜೆ ಇಟ್ಟರೆ ಹಿಮ್ಮಡಿಗೆ ಮೊಳೆ ಹೊಡೆದಂಥ ನೋವು. ಹತ್ತು ಹೆಜ್ಜೆ ನಡೆದ ಮೇಲೆ ಸ್ವಲ್ಪ ಹಗುರ. ಕೂತು ಎದ್ದರೆ ಮತ್ತೆ ಅದೇ ರಾಗ. ಭಿವಂಡಿ, ಕಲ್ಯಾಣ, ಡೊಂಬಿವಲಿ ಕಡೆ ನಮ್ಮ ಜನ ನಾಲ್ಕು ಮಂದಿ ಸೇರಿದರೆ ಈ ಮಾತು ಬಂದೇ ಬರುತ್ತದೆ. ಬೆನ್ನಿಗೇ ಒಂದು ಪ್ರಶ್ನೆ: "ಯಾವ ಕಂಪನಿಯ ಶೂ ತಗೊಳ್ಳೋದು ಮಾರಾಯ್ರೆ?"

ಕಂಪನಿಯ ಹೆಸರು ಕಡೆಗೆ ಕೇಳಬೇಕಾದ ಪ್ರಶ್ನೆ ಅನ್ನುತ್ತೇನೆ ನಾನು. ನಿಮ್ಮ ಕಾಲು ದಿನಕ್ಕೆ ಎಷ್ಟು ಹೊತ್ತು, ಎಂಥ ನೆಲದ ಮೇಲೆ ನಿಲ್ಲುತ್ತದೆ ಎಂಬುದನ್ನು ಮೊದಲು ಲೆಕ್ಕ ಹಾಕಿ.

ಹಿಮ್ಮಡಿಯ ಮೂಳೆಯಿಂದ ಬೆರಳುಗಳ ಬುಡದ ತನಕ ಅಂಗಾಲಿನಡಿ ಒಂದು ಗಟ್ಟಿ ಪಟ್ಟಿ ಇದೆ. ಡಾಕ್ಟರರು ಅದನ್ನು ಪ್ಲಾಂಟರ್ ಫೇಸಿಯಾ ಎನ್ನುತ್ತಾರೆ. ಪಾದದ ಕಮಾನನ್ನು ಹಿಡಿದಿಡುವುದು ಅದೇ. ಬಹಳ ಹೊತ್ತು ಗಟ್ಟಿ ನೆಲದ ಮೇಲೆ ನಿಂತರೆ, ತೂಕ ಏರಿದರೆ, ಮೀನಖಂಡ ಬಿಗಿದರೆ ಹಿಮ್ಮಡಿಯ ಬಳಿ ಅದು ಘಾಸಿಗೊಳ್ಳುತ್ತದೆ. ರಾತ್ರಿಯೆಲ್ಲ ಬಿಗಿದುಕೊಂಡದ್ದು ಬೆಳಿಗ್ಗೆ ಒಮ್ಮೆಲೇ ಎಳೆದಾಗ ಪ್ರಾಣ ಹೋದ ಹಾಗೆ ಆಗುತ್ತದೆ. ಎಕ್ಸ್‌ರೇಯಲ್ಲಿ ಮೂಳೆಯ ಮುಳ್ಳು ಕಂಡಿತೆಂದು ಹೆದರಬೇಡಿ. ನೋವೇ ಇಲ್ಲದ ಎಷ್ಟೋ ಜನರಿಗೂ ಆ ಮುಳ್ಳು ಇರುತ್ತದೆ.

ಇನ್ನು ಅಂಗಡಿಗೆ ಹೋಗೋಣ. ಸಂಜೆಯೇ ಹೋಗಿ, ಹಗಲೆಲ್ಲ ಓಡಾಡಿದ ಪಾದ ಸ್ವಲ್ಪ ಊದಿರುತ್ತದೆ. ಕಾಲುಚೀಲ ಹಾಕಿಕೊಂಡು, ಎರಡೂ ಕಾಲಿಗೆ ತೊಟ್ಟು, ನಿಂತು ನೋಡಿ. ಉದ್ದದ ಬೆರಳಿನ ಮುಂದೆ ಹೆಬ್ಬೆರಳಿನಷ್ಟು ಜಾಗ ಉಳಿಯಬೇಕು. ಹಿಮ್ಮಡಿಯ ಹಿಂಭಾಗವನ್ನು ಒತ್ತಿದರೆ ಕುಸಿಯಬಾರದು. ಶೂ ಬೆರಳುಗಳ ಬುಡದಲ್ಲಿ ಮಡಿಯಬೇಕು, ನಟ್ಟನಡುವೆ ಮಡಿಯುವುದು ಬೇಡ. ಒದ್ದೆ ಬಟ್ಟೆ ಹಿಂಡಿದ ಹಾಗೆ ತಿರುಚಲು ಬಂದರೆ ಅಲ್ಲೇ ಬಿಟ್ಟು ಬನ್ನಿ. ಹಿಮ್ಮಡಿ ಮುಂಗಾಲಿಗಿಂತ ತುಸು ಎತ್ತರದಲ್ಲಿದ್ದರೆ ಹಿತ. ಬೆರಳು ಹೂತುಹೋಗುವಷ್ಟು ಮೆತ್ತಗಿನ ಸ್ಪಂಜು ಅಂಗಡಿಯಲ್ಲಿ ಸುಖ ಕೊಡುತ್ತದೆ, ನಡೆಯುವಾಗ ಆಸರೆ ಕೊಡುವುದಿಲ್ಲ.

ಅಗಲವನ್ನೂ ನೋಡಿ. ಚೆನ್ನೈಯ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ 2021-22ರಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಭಾರತೀಯರ ಪಾದ ಅಳೆಸಿತ್ತು. ನಮ್ಮ ಪಾದ ಪಾಶ್ಚಾತ್ಯರದಕ್ಕಿಂತ ಅಗಲ ಎಂದು ಅದರಿಂದ ತಿಳಿಯಿತು. ಅವರ ಅಚ್ಚಿನ ಶೂ ಪಕ್ಕಕ್ಕೆ ಒತ್ತಿದರೆ ನಾವು ಒಂದು ನಂಬರು ದೊಡ್ಡದು ಕೊಳ್ಳುತ್ತೇವೆ, ಆಗ ಹಿಮ್ಮಡಿ ಒಳಗೆ ಜಾರುತ್ತದೆ. ಅಗಲದ ಅಚ್ಚು ಇದೆಯೇ ಎಂದು ಕೇಳಿ.

ಇಷ್ಟೆಲ್ಲ ನೋಡಿ ನಾಲ್ಕು ಸಾವಿರ ಕೊಟ್ಟು ತಂದ ಶೂ ಕೆರೆಯ ಸುತ್ತ ಒಂದು ಗಂಟೆ ನಡೆದು ಬಂದ ಮೇಲೆ ಬಾಗಿಲ ಹೊರಗೆ ಉಳಿಯುತ್ತದೆ. ಉಳಿದ ಹದಿನೈದು ಗಂಟೆ? ಮನೆಯಲ್ಲಿ ಟೈಲ್ಸ್ ಮೇಲೆ ಬರಿಗಾಲು, ಹೊರಗೆ ಸವೆದು ಹಾಳೆಯಾದ ಹವಾಯಿ ಚಪ್ಪಲಿ. ನಮ್ಮ ಅಥಣಿ, ನಿಪ್ಪಾಣಿ ಕಡೆಯಲ್ಲೂ ತಯಾರಾಗುವ ಕೊಲ್ಲಾಪುರಿಯ ಬಗ್ಗೆ ನನಗೂ ಹೆಮ್ಮೆಯೇ. 2019ರಲ್ಲಿ ಸಿಕ್ಕ ಭೌಗೋಳಿಕ ಮಾನ್ಯತೆಯಲ್ಲಿ ಕರ್ನಾಟಕದ ನಾಲ್ಕು ಜಿಲ್ಲೆಗಳ ಹೆಸರಿದೆ. ಆದರೆ ಅದರ ಅಟ್ಟೆ ಚಪ್ಪಟೆ, ಹಿಮ್ಮಡಿ ನೋಯುವಾಗ ಅದನ್ನು ಮದುವೆ ಮುಂಜಿಗೆ ಎತ್ತಿಡಿ.

ಅಡುಗೆಮನೆಯಲ್ಲಿ ದಿನಕ್ಕೆ ಐದಾರು ಗಂಟೆ ನಿಲ್ಲುವ ಹೆಂಗಸಿಗೆ, ಮನೆಯೊಳಗಷ್ಟೇ ತೊಡುವ ಕಮಾನಿನ ಆಸರೆಯ ಚಪ್ಪಲಿ ಮೊದಲು ಬರಬೇಕು. ಮಡಿ ಮೈಲಿಗೆಯ ಮಾತು ಬಂದರೆ ದೇವರ ಕೋಣೆಯ ಹೊರಗೆ ಬಿಡಲಿ. ಯಜಮಾನರ ವಾಕಿಂಗ್ ಶೂ ಆಮೇಲೆ.

ಮನೆಯ ಆಚೆಗೂ ಇದೇ ಮಾತು. ನಮ್ಮವರ ಹೊಟೇಲುಗಳಲ್ಲಿ ಟೇಬಲ್ ನೋಡುವ ಹುಡುಗರು, ಪವರ್‌ಲೂಮಿನ ಕಾರ್ಮಿಕರು, ಗೋದಾಮುಗಳಲ್ಲಿ ಪೆಟ್ಟಿಗೆ ಹೊರುವವರು ಇಡೀ ಪಾಳಿ ಕಾಂಕ್ರೀಟಿನ ಮೇಲೆ ನಿಂತೇ ಇರುತ್ತಾರೆ. ಊರಿಗೆ ಹಣ ಕಳಿಸುವವನು ತನ್ನ ಕಾಲಿಗೆ ಎರಡು ಸಾವಿರ ಖರ್ಚು ಮಾಡುವುದಿಲ್ಲ. ಆ ನೋವಿಗೆ ಅವನು ರಜೆ ಹಾಕಿದರೆ ಸಂಬಳ ಹೋಗುತ್ತದೆ. ಏಪ್ರನ್, ಸಮವಸ್ತ್ರ ಕೊಡುವ ಮಾಲೀಕರು ಶೂ ಯಾಕೆ ಕೊಡಬಾರದು? ನಡುನಡುವೆ ಕೂರಲು ಒಂದು ಸ್ಟೂಲು ಇಟ್ಟರೆ ಗಲ್ಲಾಪೆಟ್ಟಿಗೆಗೆ ಏನೂ ನಷ್ಟವಿಲ್ಲ.

ಶೂ ಒಂದರಿಂದಲೇ ನೋವು ಹೋಗುವುದಿಲ್ಲ. ಹಾಸಿಗೆಯಿಂದ ಏಳುವ ಮೊದಲು ಕಾಲ್ಬೆರಳನ್ನು ಮೈಕಡೆ ಎಳೆದು ಹಿಡಿಯಿರಿ. ಗೋಡೆಗೆ ಕೈಕೊಟ್ಟು ಮೀನಖಂಡ ಸಡಿಲಿಸಿ. ಹೆಚ್ಚಿನವರಿಗೆ ತಿಂಗಳುಗಳಲ್ಲಿ ಗುಣವಾಗುತ್ತದೆ, ತಾಳ್ಮೆ ಬೇಕು. ಶೂ ಕೂಡ 500ರಿಂದ 800 ಕಿಲೋಮೀಟರಿಗೆ ಸೋಲುತ್ತದೆ. ದಿನಕ್ಕೆ ನಾಲ್ಕು ಕಿಲೋಮೀಟರ್ ನಡೆದರೆ ನಾಲ್ಕರಿಂದ ಏಳು ತಿಂಗಳು, ಅಷ್ಟೇ. ಸಕ್ಕರೆ ಕಾಯಿಲೆಯವರು, ಕಾಲು ಜೋಮು ಹಿಡಿಯುವವರು, ಊತ ಜ್ವರ ಇರುವವರು, ಮಲಗಿದಾಗಲೂ ನೋವು ಬಿಡದವರು ಅಂಗಡಿಗಿಂತ ಮೊದಲು ಡಾಕ್ಟರರ ಹತ್ತಿರ ಹೋಗಬೇಕು.

ದೀಪಾವಳಿಗೆ ಮಿಠಾಯಿ ಡಬ್ಬಿ ಹಂಚುವ ನಮ್ಮ ಹೊಟೇಲು ಮಾಲೀಕರು ಈ ಸಲ ಹುಡುಗರ ಕಾಲಿನ ಅಳತೆ ತೆಗೆದುಕೊಳ್ಳಲಿ. ಮನೆಯಲ್ಲಿ ಆ ಕೆಲಸ ನೀವು ಇವತ್ತೇ ಮಾಡಬಹುದು.